ಬಾಥೆಲ್‌ನಲ್ಲಿ ನನ್ನ ಮಾತು ಹೋದ ವರ್ಷ

ಹೋದ ತಿಂಗಳು ಗೆಳತಿ ಲಲಿತಾ ಅವರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅವರ ಕೀಲುನೋವಿಗೆ ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕುತ್ತಾರೆ. ವಾಪಸು ಬರುವಾಗ ಡ್ರೈವ್ ಮಾಡಲು ಇನ್ನೊಬ್ಬರು ಬೇಕು. ಅವರನ್ನು ಕುರ್ಚಿಯಲ್ಲಿ ಒರಗಿಸಿ ಕೂರಿಸಿದ ನರ್ಸ್ ಗೋಡೆಯ ಬೀರುವಿನಿಂದ ಬಿಸಿ ಮಾಡಿಟ್ಟಿದ್ದ ಹೊದಿಕೆಯೊಂದನ್ನು ತೆಗೆದು ಕಾಲ ಮೇಲೆ ಹಾಸಿದಳು. ಕಾದ ಹತ್ತಿಬಟ್ಟೆಯ ವಾಸನೆ, ಅದರ ಬೆನ್ನಿಗೇ ಸ್ಪಿರಿಟ್ಟಿನ ವಾಸನೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಫಿ ತರುತ್ತೇನೆಂದು ಹೇಳಿ ಹೊರಗೆ ಬಂದು ಕಾರಿಡಾರಿನ ಕಿಟಕಿಯ ಹತ್ತಿರ ನಿಂತುಕೊಂಡೆ. ಲಲಿತಾ ಅವರಿಗೆ ಕಾರಣ ಗೊತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಹತ್ತಿರದಿಂದ ಕಂಡ ಹೊರಗಿನವರು ಅವರೊಬ್ಬರೇ.

ಅದು ಎರಡು ಸಾವಿರದ ಏಳನೆಯ ಇಸವಿ. ನಾವಾಗ ಸಿಯಾಟಲ್ ಪಕ್ಕದ ಬಾಥೆಲ್‌ನ ನಾರ್ತ್ ಕ್ರೀಕಿನಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಪ್ರಕಾಶ ಅವರ ಆಫೀಸು ಫ್ಯಾಕ್ಟೋರಿಯಾದಲ್ಲಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸಂಜೆ ಮನೆಗೆ ಬರುವಷ್ಟರಲ್ಲಿ ಅವರಿಗೆ ಸಾಕುಬೇಕಾಗಿರುತ್ತಿತ್ತು. ಮಗಳು ತನ್ವಿಗೆ ಆರು ವರ್ಷ. ಗದಗಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ನಾನು, ಇಲ್ಲಿ ಕೆಲಸ ಮಾಡಲು ಅನುಮತಿ ಇಲ್ಲದ ವೀಸಾದ ಮೇಲೆ ಬಂದು ಮನೆಯಲ್ಲಿದ್ದೆ. ನಮ್ಮ ಕೆಳಗಿನ ಮನೆಯಲ್ಲಿ ಮೈಸೂರಿನ ಲಲಿತಾ ಇದ್ದರು.

ಅವ್ವ ಗದಗಿನಲ್ಲಿ ಅಣ್ಣ ಶಿವಾನಂದನ ಜೊತೆ ಇದ್ದಳು. ಹೊಲಿಗೆ ಕಲಿಸುವ ಟೀಚರಾಗಿ ರಿಟೈರಾದವಳು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಮಂಜು ಮಾಡಿತ್ತು. ಪತ್ರ ಓದುವುದು ಆಗುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಫೋನ್ ಒಂದೇ. ಪ್ರತಿ ಶನಿವಾರ ಸಂಜೆ ಏಳಕ್ಕೆ ಕಾಲಿಂಗ್ ಕಾರ್ಡಿನ ನಂಬರು ಒತ್ತಿ ನಾನು ಫೋನ್ ಮಾಡುತ್ತಿದ್ದೆ. ಅಲ್ಲಿ ಆಗ ಭಾನುವಾರದ ಬೆಳಗು. ಅವ್ವ ಚಹಾದ ಲೋಟ ಹಿಡಿದುಕೊಂಡೇ ಮಾತಾಡುತ್ತಿದ್ದಳು. ಅವಳು ಗುಟುಕು ಕುಡಿಯುವ ಸದ್ದು ಇಲ್ಲಿ ಕೇಳುತ್ತಿತ್ತು.

ಆ ಫೆಬ್ರುವರಿಯಲ್ಲಿ ನಮಗಿಬ್ಬರಿಗೆ ಸಣ್ಣ ಜಗಳವಾಯಿತು. ಈ ಬೇಸಿಗೆಗಾದರೂ ಬಾ ಎಂದು ಕರೆದಿದ್ದೆ.

"ವಿಮಾನದಾಗ ಅಷ್ಟೊತ್ತು ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲವಾ. ಅಲ್ಲಿ ಬಂದರೂ ಏನ ಮಾಡ್ಲಿ? ನಿಮ್ಮೂರಾಗ ಬಿಸಲರ ಐತೇನು?"

"ಮಗಳ ಮನಿ ಒಮ್ಮೆರ ನೋಡಬೇಕ ಅನಸಂಗಿಲ್ಲೇನ ನಿನಗ? ಕರದು ಕರದು ಸಾಕಾತು."

"ನೀನ ಬಾ. ನಾ ಎಲ್ಲಿ ಬರ್ಲಿ ಈ ವಯಸ್ಸಿನ್ಯಾಗ?"

"ಆತು ಬಿಡು. ಇನ್ನ ಮ್ಯಾಲ ನಾ ಕರಿಯಂಗಿಲ್ಲ."

ಹಾಗೆಂದು ಫೋನ್ ಇಟ್ಟುಬಿಟ್ಟೆ. ಮುಂದಿನ ವಾರ ಮತ್ತೆ ಮಾತಾಡಿದೆವು. ಇಬ್ಬರ ದನಿಯಲ್ಲೂ ಬಿಗುವಿತ್ತು. ತಾಯಿ ಮಗಳ ಜಗಳ. ಇನ್ನೊಂದೆರಡು ವಾರ ಬಿಟ್ಟಿದ್ದರೆ ತಾನಾಗಿಯೇ ಕರಗಿ ಹೋಗುತ್ತಿತ್ತು. ಅಷ್ಟರಲ್ಲಿ ಕಾಯಿಲೆ ಶುರುವಾಯಿತು. ಅದು ಕಾಯಿಲೆಯೆಂದು ತಿಳಿಯುವುದಕ್ಕೆ ಮಾತ್ರ ಆರು ತಿಂಗಳು ಹಿಡಿಯಿತು.

ಮೊದಲು ಹೋದದ್ದು ಜಗಿಯುವ ಶಕ್ತಿ. ಒಂದು ಜೋಳದ ರೊಟ್ಟಿ ಮುಗಿಯುವ ಮೊದಲೇ ದವಡೆ ಸೋತು, ಬಾಯಿ ಮುಚ್ಚಲು ಗದ್ದಕ್ಕೆ ಕೈ ಕೊಡಬೇಕಾಗುತ್ತಿತ್ತು. ಹಲ್ಲಿನ ತೊಂದರೆಯೆಂದು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಆಮೇಲೆ ಕತ್ತು. ಪಾತ್ರೆ ತೊಳೆಯುತ್ತ ಬಗ್ಗಿದರೆ ತಲೆ ಮೇಲೇಳುತ್ತಿರಲಿಲ್ಲ. ಸಂಜೆಯಾದಂತೆ ರೆಪ್ಪೆಗಳು ಅರ್ಧಕ್ಕೆ ಇಳಿಯುತ್ತಿದ್ದವು. ಬೆಳಿಗ್ಗೆ ಎದ್ದರೆ ಎಲ್ಲ ಸರಿ ಇರುತ್ತಿತ್ತು. ಹಾಗಾಗಿ ನನಗೇ ನನ್ನ ಮೇಲೆ ಅನುಮಾನ.

ಮೇ ತಿಂಗಳಲ್ಲಿ ತನ್ವಿಯ ಶಾಲೆಯಲ್ಲಿ ಅಮ್ಮಂದಿರಿಗೆಂದು ಚಹಾ ಕೂಟ ಮಾಡಿದರು. ಮಕ್ಕಳು ಕಾಗದದ ಹೂವು ಕೊಟ್ಟರು, ಟೀಚರು ಒಬ್ಬೊಬ್ಬರದೂ ಫೋಟೋ ತೆಗೆದರು. ಮರುವಾರ ಆ ಫೋಟೋ ಮನೆಗೆ ಬಂತು. ಅದರಲ್ಲಿ ತನ್ವಿ ನನ್ನ ತೋಳಿಗೆ ಆತುಕೊಂಡು ನಗುತ್ತಿದ್ದಾಳೆ. ನಾನು ಹಲ್ಲು ಕಿರಿದು, ಮೇಲ್ದುಟಿಯನ್ನು ನಡುವೆ ಮಾತ್ರ ಎತ್ತಿ, ಯಾರನ್ನೋ ಕಚ್ಚುವ ಹಾಗೆ ಕಾಣುತ್ತಿದ್ದೇನೆ. ಆ ಫೋಟೋ ತೆಗೆಯುವಾಗ ನಾನು ಮನಸಾರೆ ನಕ್ಕಿದ್ದೆ. ಅದು ಇಂದಿಗೂ ಚೆನ್ನಾಗಿ ನೆನಪಿದೆ.

ತನ್ವಿ ಫೋಟೋವನ್ನು ಬಹಳ ಹೊತ್ತು ನೋಡಿ, "ಮಮ್ಮೀ, ಆರ್ ಯು ಮ್ಯಾಡ್ ಅಟ್ ಮಿ?" ಅಂದಳು.

ಬಾತ್ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಗಲು ನೋಡಿದೆ. ತುಟಿಯ ತುದಿಗಳು ಜಗ್ಗಲಿಲ್ಲ.

ಪ್ರಕಾಶ ಅವರಿಗೂ ನನ್ನ ಮುಖ ಸಿಟ್ಟಿನ ಮುಖವಾಗಿಯೇ ಕಂಡಿತು. "ದಿನಾ ಮನಿಗಿ ಬಂದ್ರ ಇದ ಮಾರಿ. ನಾ ಏನ ತಪ್ಪ ಮಾಡೀನಿ, ಹೇಳರ ಹೇಳು" ಎಂದು ಒಂದು ಸಂಜೆ ಊಟದ ತಟ್ಟೆ ಸರಿಸಿ ಎದ್ದರು. ನಾನು ಉತ್ತರ ಕೊಡಲು ಹೋದರೆ ಎರಡನೇ ವಾಕ್ಯಕ್ಕೆ ಮಾತು ಮೂಗಿಗೆ ಇಳಿದು ಅಳುತ್ತಿರುವ ಹಾಗೆ ಕೇಳಿಸುತ್ತಿತ್ತು. ಅವರು ಇನ್ನಷ್ಟು ಬೇಸರಪಟ್ಟರು. ಡಾಕ್ಟರ ಹತ್ತಿರ ಹೋದೆವು. ಊರು ಬಿಟ್ಟು ಬಂದ ಹೆಂಗಸು, ಕೆಲಸವಿಲ್ಲ, ಮೋಡದ ಹವಾ. ಆತ ಖಿನ್ನತೆಯೆಂದು ಮಾತ್ರೆ ಬರೆದುಕೊಟ್ಟ. ಒಂದು ರಕ್ತ ಪರೀಕ್ಷೆಯನ್ನೂ ಮಾಡಿಸಿದ. ಅದರಲ್ಲಿ ಏನೂ ಸಿಗಲಿಲ್ಲ.

ಶನಿವಾರದ ಫೋನು ವಾರದಿಂದ ವಾರಕ್ಕೆ ಚಿಕ್ಕದಾಯಿತು.

"ಮೂಗಿನ್ಯಾಗ ಮಾತಾಡಾಕತ್ತಿ. ಅಳಾಕತ್ತೀ ಏನ?"

"ಇಲ್ಲಬೇ. ನೆಗಡಿ."

"ಹ್ವಾದ ವಾರಾನೂ ನೆಗಡಿ ಅಂದಿ."

ಎರಡು ನಿಮಿಷಕ್ಕೆ ನಾಲಿಗೆ ಸೋಲುತ್ತದೆಂದು ಗೊತ್ತಿದ್ದರಿಂದ, ಸೋಲುವ ಮೊದಲೇ ಇಡುತ್ತೇನೆಂದು ಹೇಳಿ ಇಟ್ಟುಬಿಡುತ್ತಿದ್ದೆ. ಅತ್ತ ಕಡೆ ಅವಳಿಗೆ ಅದು ಹೇಗೆ ಕೇಳಿಸಿರಬೇಕು?

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಲಲಿತಾ ನಮ್ಮ ಮನೆಯಲ್ಲಿ ಊಟಕ್ಕಿದ್ದರು. ಹೊರಗೆ ಬಿಸಿಲು ಚೆನ್ನಾಗಿತ್ತು; ತನ್ವಿ ಬಾಲ್ಕನಿಯಲ್ಲಿ ಆಡುತ್ತಿದ್ದಳು. ನಾನು ನೀರು ಕುಡಿದೆ. ಕುಡಿದ ನೀರು ಮೂಗಿನಿಂದ ಹೊರಗೆ ಬಂತು. ನಗು ಬರುವ ಹಾಗಿತ್ತು, ಆದರೆ ಮೊಸರನ್ನದ ತುತ್ತು ಗಂಟಲಲ್ಲೇ ನಿಂತಿತ್ತು. ಕೆಮ್ಮಲು ನೋಡಿದೆ, ಕೆಮ್ಮು ಬರಲಿಲ್ಲ. ಕೆಮ್ಮುವುದಕ್ಕೂ ಶಕ್ತಿ ಬೇಕೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಲಲಿತಾ ಬೆನ್ನಿಗೆ ಗುದ್ದುತ್ತ, "ಪ್ರಕಾಶ್, ಆಂಬುಲೆನ್ಸಿಗೆ ಕಾಲ್ ಮಾಡಿ! ತುಟಿ ನೀಲಿ ಆಗ್ತಿದೆ ಕಣ್ರೀ!" ಎಂದು ಕೂಗಿದ್ದಷ್ಟೇ ನೆನಪು.

ಸಿಯಾಟಲ್‌ನ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ ಉಸಿರಾಟದ ಯಂತ್ರಕ್ಕೆ ಸೇರಿಸಿದರು. ಹನ್ನೊಂದು ದಿನ ಹಾಗಿದ್ದೆ. ರೆಪ್ಪೆ ಎತ್ತಲಾಗುತ್ತಿರಲಿಲ್ಲ, ಬೆರಳು ಅಲ್ಲಾಡಿಸಬಹುದಿತ್ತು, ಕಿವಿ ಪೂರ್ತಿ ಕೇಳುತ್ತಿತ್ತು. ಇದು ಎಲ್ಲರಿಗೂ ನೆನಪಿರುತ್ತಿರಲಿಲ್ಲ. ನರ್ಸುಗಳು ಹಾಸಿಗೆಯ ಎರಡೂ ಬದಿ ನಿಂತು ತಮ್ಮ ರಜೆಯ ಮಾತಾಡುತ್ತಿದ್ದರು. ಪ್ರಕಾಶ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಸಿಟ್ಟ ಅನ್ಕೊಂಡೆ ಸವಿ, ನಾ ಸಿಟ್ಟ ಅನ್ಕೊಂಡೆ" ಎಂದು ಮತ್ತೆ ಮತ್ತೆ ಹೇಳಿದರು. ನಾನು ಬೆರಳಿನಿಂದ ಅವರ ಅಂಗೈ ಒತ್ತಿದೆ.

ಆಗ ಬಂದವರು ನರರೋಗದ ಡಾಕ್ಟರ್. ಐವತ್ತು ದಾಟಿದ, ನೆರೆತ ಕೂದಲನ್ನು ಹಿಂದೆ ಕಟ್ಟಿದ ಎತ್ತರದ ಹೆಂಗಸು. ಬಂದ ಮೊದಲ ದಿನವೇ ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮಗೆ ಕೇಳಿಸುತ್ತಿದೆ ಅಂತ ನನಗೆ ಗೊತ್ತು" ಎಂದರು. ಇದು ಮಯಸ್ತೇನಿಯಾ ಎಂಬ ಕಾಯಿಲೆಯೆಂದು ಹೇಳಿದವರು ಅವರೇ. ರೋಗಾಣುಗಳ ಮೇಲೆ ಬಿಡಬೇಕಾದ ಪ್ರತಿಕಾಯಗಳನ್ನು ನನ್ನ ದೇಹ, ನರವು ಸ್ನಾಯುವನ್ನು ಸೇರುವ ಜಾಗದ ಮೇಲೆಯೇ ಬಿಡುತ್ತಿತ್ತು. ನರ ಹೇಳಿದ್ದು ಸ್ನಾಯುವಿಗೆ ಮುಟ್ಟುತ್ತಿರಲಿಲ್ಲ. ಸಾಮಾನ್ಯವಾಗಿ ಕಾಣುವ ಪ್ರತಿಕಾಯ ನನ್ನ ರಕ್ತದಲ್ಲಿ ಇರಲಿಲ್ಲ. ಮೊದಲ ಡಾಕ್ಟರು ದಾರಿ ತಪ್ಪಿದ್ದು ಅಲ್ಲಿಯೇ. ಇವರು ಹೊಸದೊಂದು ಪರೀಕ್ಷೆಗೆಂದು ರಕ್ತವನ್ನು ಬೇರೆ ರಾಜ್ಯಕ್ಕೆ ಕಳಿಸಿದರು. ಅಪರೂಪದ ಇನ್ನೊಂದು ಬಗೆಯ ಪ್ರತಿಕಾಯ ಸಿಕ್ಕಿತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಇಟ್ಟು, ಆ ಪ್ರತಿಕಾಯಗಳಿದ್ದ ರಕ್ತದ ತಿಳಿಯನ್ನು, ಅಂದರೆ ಪ್ಲಾಸ್ಮಾವನ್ನು, ತೆಗೆದು ಬೇರೆ ತಿಳಿ ತುಂಬಿದರು. ಐದು ಸಲ ಹಾಗೆ ಮಾಡಿದ ಮೇಲೆ ರೆಪ್ಪೆ ಎದ್ದಿತು, ಉಸಿರಿನ ಕೊಳವೆ ತೆಗೆದರು.

ನುಂಗುವುದು ಬಂದಿರಲಿಲ್ಲ, ಮಾತೂ ಇಲ್ಲ. ತನ್ವಿಯ ಬರೆದು ಅಳಿಸುವ ಆಟದ ಹಲಗೆ ತಂದುಕೊಟ್ಟರು. ಅದರ ಮೇಲೆ ನಾನು ಬರೆದ ಮೊದಲ ಸಾಲು: ಅವ್ವಗ ಹೇಳಬ್ಯಾಡ್ರಿ. ಅದರ ಕೆಳಗೆ ಬರೆದೆ: ನನ್ನ ಆಣೆ.

ಕಾರಣವಿತ್ತು. ಅಪ್ಪ ತೀರಿಕೊಂಡ ದಿನವೇ ಅವ್ವನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಡಾಕ್ಟರು ಇನ್ನು ಮುಂದೆ ಅವಳಿಗೆ ಆಘಾತವಾಗುವಂಥದ್ದನ್ನು ಹೇಳಬೇಡಿ ಎಂದಿದ್ದರು. ಅಣ್ಣನಿಗೆ ಪ್ರಕಾಶ ವಿಷಯ ತಿಳಿಸಿದ್ದರು. ನನ್ನ ಆಣೆಯನ್ನು ಅವನಿಗೂ ಮುಟ್ಟಿಸಿದರು. ಅವನು ಒಪ್ಪಿಕೊಂಡ.

ಸೆಪ್ಟೆಂಬರಿನಲ್ಲಿ ಹೊಟ್ಟೆಗೆ ಹಾಕಿದ ಕೊಳವೆ, ಮಲಗುವಾಗ ಮುಖಕ್ಕೆ ಕಟ್ಟಿಕೊಳ್ಳುವ ಉಸಿರಿನ ಯಂತ್ರ, ಬಾಯಿಯ ಜೊಲ್ಲು ಎಳೆದು ತೆಗೆಯುವ ಇನ್ನೊಂದು ಯಂತ್ರ, ಇವುಗಳ ಜೊತೆ ಮನೆಗೆ ಬಂದೆ. ಸ್ಟಿರಾಯ್ಡಿನಿಂದ ಮುಖ ಊದಿತು. ಡಬ್ಬಿಯಲ್ಲಿ ಬರುವ ಹಾಲಿನಂಥ ಆಹಾರವನ್ನು ಪ್ರಕಾಶ ದಿನಕ್ಕೆ ಐದು ಸಲ ಕೊಳವೆಗೆ ಸುರಿಯುತ್ತಿದ್ದರು. ಲಲಿತಾ ತನ್ವಿಯನ್ನು ಶಾಲೆಯಿಂದ ಕರೆತಂದು ಊಟ ಹಾಕಿ ಮೇಲೆ ಕಳಿಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು, "ಗುಡ್ ಡೇ ಆರ್ ಬ್ಯಾಡ್ ಡೇ?" ಎಂದು ಕೇಳುವಳು. ನಾನು ಹೆಬ್ಬೆರಳು ಮೇಲೆ ಮಾಡುತ್ತಿದ್ದೆ, ಇಲ್ಲವೆ ಕೆಳಗೆ. ಕೆಳಗೆ ಮಾಡಿದ ದಿನ ಅವಳು ಹತ್ತಿರ ಬರುತ್ತಿರಲಿಲ್ಲ.

ಶನಿವಾರ ಈಗ ಅವ್ವನೇ ಫೋನ್ ಮಾಡತೊಡಗಿದಳು. ಪ್ರಕಾಶ ಸ್ಪೀಕರ್ ಹಾಕುತ್ತಿದ್ದರು, ನಾನು ಕೇಳಲೆಂದು.

"ಅಳ್ಯಾರ, ಆಕಿ ಎಲ್ಲದಾಳ್ರಿ?"

"ಲೈಬ್ರರಿಗೆ ಹೋಗ್ಯಾಳ್ರಿ ಅತ್ತಿ."

"ಹ್ವಾದ ವಾರಾನೂ ಅಲ್ಲೇ ಹೋಗಿದ್ಳು."

"ಹೌದ್ರಿ, ಅಲ್ಲೆ ಏನೋ ಕ್ಲಾಸ್ ಹಚ್ಚ್ಯಾಳ್ರಿ."

ನಾನು ಎರಡು ಮೊಳ ದೂರದ ಸೋಫಾದಲ್ಲಿ ಗದ್ದಕ್ಕೆ ಕೈ ಕೊಟ್ಟುಕೊಂಡು ಕೂತಿರುತ್ತಿದ್ದೆ. ಅವ್ವ ಚಹಾ ಕುಡಿಯುವ ಸದ್ದು ಕೇಳುತ್ತಿತ್ತು. ಒಂದು ವಾರ ಅಂಗಡಿ, ಇನ್ನೊಂದು ವಾರ ಸ್ನಾನ, ಮತ್ತೊಂದು ವಾರ ತಲೆನೋವು. ಪ್ರಕಾಶ ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದರು, ನಾನು ಪ್ರತಿ ಸಲವೂ ಬೇಡವೆಂದು ಕೈ ಆಡಿಸುತ್ತಿದ್ದೆ. ಒಮ್ಮೆ ಅಲ್ಲಿದ್ದ ಲಲಿತಾಗೆ ತಡೆಯಲಾಗಲಿಲ್ಲ. ಫೋನ್ ಇಟ್ಟ ಮೇಲೆ, "ಹೇಳ್ಬಿಡಿ ಸವಿತಾ. ಅಮ್ಮ ಅಲ್ವಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದರು. ನನಗೇನಾದರೂ ಆದರೆ ಎಂಬುದು ಅವರ ಮಾತಿನ ಅರ್ಥ. ಅವ್ವನಿಗೆ ಏನಾದರೂ ಆದೀತೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದೆ. ಮತ್ತೆ ರಕ್ತದ ತಿಳಿ ಬದಲಿಸಿದರು. ಮೂರು ವಾರ ಸುಮಾರಾಗಿರುತ್ತದೆ, ಮತ್ತೆ ಬೀಳುತ್ತೀರಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಸ್ಟಿರಾಯ್ಡು ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತು ರಿಟುಕ್ಸಿಮ್ಯಾಬ್ ಎಂಬ ಔಷಧಿಯ ಬಗ್ಗೆ ಹೇಳಿದರು. ಅದು ಒಂದು ಬಗೆಯ ಕ್ಯಾನ್ಸರಿಗೆ ಕೊಡುವ ಔಷಧಿ. ಅದೂ ಒಂದು ಪ್ರತಿಕಾಯವೇ, ಲ್ಯಾಬಿನಲ್ಲಿ ತಯಾರಿಸಿದ್ದು. ನನ್ನ ರಕ್ತದಲ್ಲಿ ತಪ್ಪು ಪ್ರತಿಕಾಯ ಹುಟ್ಟಿಸುವ ಬಿಳಿ ಕಣಗಳ ಬಳಗವನ್ನೇ ಅದು ಹುಡುಕಿ ಕೊಲ್ಲುತ್ತದೆ. ಒಳ್ಳೆಯವು ಕೆಟ್ಟವು ಎಂದು ಆರಿಸುವುದಿಲ್ಲ. ಸೋಂಕು ತಗುಲಿದರೆ ಎದುರಿಸಲು ದೇಹಕ್ಕೆ ಬಲ ಸಾಲದೆ ಹೋಗಬಹುದು.

"ಇದು ಕೆಲಸ ಮಾಡುತ್ತದೆಂದು ನಾನು ಮಾತು ಕೊಡಲಾರೆ. ನಿಮ್ಮ ಬಗೆಯ ರೋಗಿಗಳಿಗೆ ಕೊಟ್ಟವರು ತೀರ ಕಡಿಮೆ. ಆದರೆ ಕೊಟ್ಟಲ್ಲಿ ಆದ ಫಲ ನೋಡಿದರೆ, ನನ್ನ ತಂಗಿಯಾಗಿದ್ದರೆ ನಾನು ಕೊಡುತ್ತಿದ್ದೆ" ಎಂದರು.

ಹಲಗೆಯ ಮೇಲೆ ಒಂದೇ ಪದ ಬರೆದೆ: ಕೊಡಿ. ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದು ಆಮೇಲೆ ಹೊಳೆಯಿತು. ಡಾಕ್ಟರು ನಾನು ತಿದ್ದುವ ಮೊದಲೇ ತಲೆ ಆಡಿಸಿದರು.

ವಿಮೆಯವರು ಒಪ್ಪಲಿಲ್ಲ. ಈ ಕಾಯಿಲೆಗೆ ಈ ಔಷಧಿ ಇನ್ನೂ ಪ್ರಯೋಗದ ಹಂತದಲ್ಲಿದೆ ಎಂದು ಕಾಗದ ಬಂತು. ಡಾಕ್ಟರು ಬರೆದರು, ಪ್ರಕಾಶ ಬರೆದರು, ಮತ್ತೆ ಇಲ್ಲವೆಂದರು. ಮೂರನೆಯ ಸಲ ವಿಮೆಯ ಕಡೆಯ ಡಾಕ್ಟರೊಬ್ಬರ ಜೊತೆ ನಮ್ಮ ಡಾಕ್ಟರು ನಮ್ಮೆದುರೇ ಫೋನಿನಲ್ಲಿ ಮಾತಾಡಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನನ್ನ ಎದುರಿಗೆ ಮೂವತ್ತೆರಡು ವರ್ಷದ ಹೆಂಗಸು ಕೂತಿದ್ದಾಳೆ. ತನ್ನ ಬಾಯನ್ನು ತನ್ನ ಕೈಯಿಂದ ಮುಚ್ಚಿ ಹಿಡಿದುಕೊಂಡಿದ್ದಾಳೆ. ನೀವು ಇಂಥವರನ್ನು ಯಾವತ್ತಾದರೂ ನೋಡಿದ್ದೀರಾ?" ಆ ಕಡೆಯಿಂದ ಏನು ಹೇಳಿದರೋ ತಿಳಿಯಲಿಲ್ಲ. ನಾಲ್ಕು ದಿನದ ಮೇಲೆ ಒಪ್ಪಿಗೆ ಬಂತು.

ನವೆಂಬರ್ ಮೊದಲ ವಾರ ಡ್ರಿಪ್ ಹಾಕಿದರು. ಆಗಲೇ ಬಿಸಿ ಹೊದಿಕೆ ಹೊದಿಸಿದ್ದು. ಔಷಧಿ ನೀರಿನ ಹಾಗೆ ತಿಳಿಯಾಗಿತ್ತು. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಒಮ್ಮೆಲೇ ಮೈ ನಡುಗತೊಡಗಿತು, ಹಲ್ಲು ಕಟಕಟ ಅಂದವು, ಗಂಟಲೊಳಗೆ ತುರಿಕೆ. ಉಸಿರು ಮತ್ತೆ ಹೋಗುತ್ತದೆಂದುಕೊಂಡೆ. ನರ್ಸ್ ಓಡಿ ಬಂದು ಡ್ರಿಪ್ ನಿಲ್ಲಿಸಿ, ಬೇರೆ ಸೂಜಿಮದ್ದು ಕೊಟ್ಟು, ಒಂದರ ಮೇಲೊಂದು ಹೊದಿಕೆ ಹೊದಿಸಿದಳು. ಒಂದು ಗಂಟೆಯ ಮೇಲೆ ಮತ್ತೆ ನಿಧಾನವಾಗಿ ಶುರು ಮಾಡಲೇ ಎಂದು ಡಾಕ್ಟರು ಕೇಳಿದಾಗ ಪ್ರಕಾಶ ಬೇಡವೆನ್ನಲು ಬಾಯಿ ತೆರೆದರು. ನಾನು ಹೆಬ್ಬೆರಳು ಮೇಲೆ ಮಾಡಿದೆ.

ವಾರಕ್ಕೊಂದರಂತೆ ನಾಲ್ಕು ಡ್ರಿಪ್ ಮುಗಿದವು. ಏನೂ ಬದಲಾಗಲಿಲ್ಲ. ಎರಡು ಮೂರು ತಿಂಗಳು ಕಾಯಬೇಕೆಂದು ಹೇಳಿದ್ದರು. ಕಾಯುವುದೆಂದರೆ ಏನೆಂದು ಹೇಳಿರಲಿಲ್ಲ. ಡಿಸೆಂಬರ್ ಬಂತು. ನಾಲ್ಕೂವರೆಗೆ ಕತ್ತಲು, ದಿನವಿಡೀ ಹನಿ, ಕಿಟಕಿಯಾಚೆ ಒದ್ದೆ ಪಾರ್ಕಿಂಗ್ ಲಾಟು. ಸೋಂಕಿನ ಭಯಕ್ಕೆ ಮನೆಗೆ ಯಾರನ್ನೂ ಕರೆಯುವಂತಿರಲಿಲ್ಲ. ತನ್ವಿಗೆ ನೆಗಡಿಯಾದಾಗ ಅವಳನ್ನು ಹತ್ತು ದಿನ ಲಲಿತಾ ಅವರ ಮನೆಯಲ್ಲೇ ಇರಿಸಿದೆವು. ಮೆಟ್ಟಿಲ ಕೆಳಗಿನಿಂದ ಅವಳು ಕೈ ಬೀಸುತ್ತಿದ್ದಳು.

ಆ ತಿಂಗಳ ಮೂರನೆಯ ಶನಿವಾರ ಅವ್ವನ ಫೋನ್ ಬಂತು. ಈ ಸಲ ನಾನೆಲ್ಲಿ ಎಂದು ಕೇಳಲಿಲ್ಲ.

"ಅಳ್ಯಾರ, ಆಕಿಗೊಂದ ಮಾತ ಹೇಳ್ರಿ. ನಾ ಬರ್ತೀನಿ ಅಂತ ಹೇಳ್ರಿ. ಪಾಸ್‌ಪೋರ್ಟ್ ಮಾಡಸು ಅಂತ ಶಿವಾನಂದಗ ಹೇಳೀನಿ. ವಿಮಾನದಾಗ ಹೆಂಗರ ಮಾಡಿ ಕುಂದರತೀನಿ. ಆಕಿ ಸಿಟ್ಟ ಬಿಡ್ಲಿ."

ಪ್ರಕಾಶ ನನ್ನನ್ನು ನೋಡಿದರು. ನನ್ನ ಮಡಿಲಲ್ಲಿ ಹಲಗೆಯಿತ್ತು. ಊದಿದ ಮುಖ, ಜೋತ ಗದ್ದ, ಹೊಟ್ಟೆಯ ಕೊಳವೆ. ಮಂಜುಗಣ್ಣಿನ ಅವ್ವನೂ ಇದನ್ನು ಕೈಯಿಂದ ಮುಟ್ಟಿಯೇ ತಿಳಿದುಕೊಳ್ಳುತ್ತಾಳೆ. ಅವಳ ಎದೆ ತಡೆಯುವುದಿಲ್ಲ. ಇನ್ನೆರಡು ತಿಂಗಳು ಹೋಗಲಿ, ನಾನು ಮಾತಾಡುವಂತಾಗಲಿ, ನಾನೇ ಕರೆಯುತ್ತೇನೆ. ಇಷ್ಟೆಲ್ಲ ಬರೆಯಲು ಕೈಗೆ ತ್ರಾಣವಿರಲಿಲ್ಲ. ಬರೆದದ್ದು ಇಷ್ಟು: ಈಗ ಬ್ಯಾಡ ಅನ್ರಿ.

"ಈಗ ಬ್ಯಾಡ್ರಿ ಅತ್ತಿ. ಇಲ್ಲೆ ಭಾಳ ಥಂಡಿ ಐತ್ರಿ."

ಅತ್ತ ಕಡೆ ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಅವ್ವ ಕೇಳಿದಳು, "ಆಕೀನ ಹಂಗಂದಳೇನ್ರಿ?"

ಪ್ರಕಾಶ ಮತ್ತೆ ಹಲಗೆ ನೋಡಿದರು. "ಹೌದ್ರಿ" ಅಂದರು.

"ಆತ್ರಿ ಹಂಗಾರ" ಎಂದು ಅವ್ವ ಫೋನ್ ಇಟ್ಟಳು.

ಆ ವರ್ಷ ನಾವು ಅವಳಿಗೆ ಹೇಳಿದ ಒಂದೇ ಒಂದು ನಿಜ ಆ "ಹೌದ್ರಿ".

ಜನವರಿಯ ಮಧ್ಯದಲ್ಲಿ ಒಂದು ಸಂಜೆ ಐದಕ್ಕೆ ಪ್ರಕಾಶ ಎಂದಿಗಿಂತ ಬೇಗ ಮನೆಗೆ ಬಂದರು. ಕಾರಿನ ಬೀಗದ ಕೈ ಕೈಯಲ್ಲೇ ಇತ್ತು, ಕೋಟು ಬಿಚ್ಚಲಿಲ್ಲ, ನನ್ನ ಎದುರು ನೆಲದ ಮೇಲೆ ಕೂತರು. ಅಣ್ಣ ಅವರ ಆಫೀಸಿಗೆ ಫೋನ್ ಮಾಡಿದ್ದ. ಅವ್ವ ನಸುಕಿನಲ್ಲೇ ಎದ್ದು ಮುಖ ತೊಳೆದು ಬಂದು ಕೂತವಳು ಹಾಗೆಯೇ ಪಕ್ಕಕ್ಕೆ ವಾಲಿದಳಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಳುವುದು ಕೂಡ ನನಗೆ ಅಪಾಯವಾಗಿತ್ತು. ಬಿಕ್ಕಿದರೆ ಜೊಲ್ಲು ಉಸಿರಿನ ದಾರಿಗೆ ಇಳಿಯುತ್ತಿತ್ತು. ಪ್ರಕಾಶ ಯಂತ್ರದ ಕೊಳವೆಯನ್ನು ನನ್ನ ಬಾಯಿಗಿಟ್ಟು ಎಳೆಯುತ್ತ, "ಅಳಬ್ಯಾಡ ಸವಿ, ಈಗ ಅಳಬ್ಯಾಡ" ಎನ್ನುತ್ತ ತಾವು ಅಳುತ್ತಿದ್ದರು. ನನ್ನ ಮುಖದಲ್ಲಿ ಏನೂ ಮೂಡಲಿಲ್ಲ. ನೀರು ಮಾತ್ರ ಇಳಿಯುತ್ತಿತ್ತು. ತನ್ವಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಡಸ್ ಇಟ್ ಹರ್ಟ್?" ಎಂದು ಕೇಳಿದಳು. ಒಳ್ಳೆಯ ದಿನವೋ ಕೆಟ್ಟ ದಿನವೋ ಎಂದು ಆ ದಿನ ಕೇಳಲಿಲ್ಲ.

ವಿಮಾನ ಹತ್ತುವುದು ದೂರದ ಮಾತಾಗಿತ್ತು. ಅಣ್ಣ ಅಲ್ಲಿ ಎಲ್ಲ ಕಾರ್ಯ ಮುಗಿಸಿದ. ಮಣ್ಣು ಕೊಡುವ ಹೊತ್ತಿಗೆ ಇಲ್ಲಿ ನಾನು ಕಿಟಕಿಯ ಹತ್ತಿರ ಕೂತಿದ್ದೆ. ಮಳೆ ಬರುತ್ತಿತ್ತು.

ಫೆಬ್ರುವರಿ ಮೊದಲ ವಾರ ಒಂದು ಬೆಳಿಗ್ಗೆ ಜೊಲ್ಲು ತಾನಾಗಿ ಒಳಗೆ ಇಳಿದದ್ದು ತಿಳಿಯಿತು. ನಂಬಲಾಗದೆ ಮತ್ತೆ ನುಂಗಿದೆ, ಮತ್ತೆ ಹೋಯಿತು. ಅದೇ ವಾರ ತನ್ವಿ ಶಾಲೆಗೆ ಹೊರಟು ಊಟದ ಡಬ್ಬಿ ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿಯುತ್ತಿದ್ದಳು. "ತನ್ವೀ, ಡಬ್ಬಿ!" ಎಂದು ಕರೆದೆ. ಕರೆದ ಮೇಲೆ ನನಗೆ ಗೊತ್ತಾಯಿತು. ಅವಳು ಅರ್ಧ ಮೆಟ್ಟಿಲಲ್ಲಿ ತಿರುಗಿ ನಿಂತಳು, ಬ್ಯಾಗು ಕೆಳಗೆ ಬಿತ್ತು. ಕೆಳಗಿನ ಮನೆಯ ಬಾಗಿಲು ತೆರೆದು ಲಲಿತಾ ಹೊರಗೆ ಬಂದರು. "ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ" ಎಂದರು. ನಾನು ಅವರಿಬ್ಬರ ಹೆಸರನ್ನೂ ಕರೆದೆ. ಅವ್ವ ಹೋಗಿ ಇನ್ನೂ ತಿಂಗಳೂ ತುಂಬಿರಲಿಲ್ಲ.

ಮಾರ್ಚಿನಲ್ಲಿ ಹೊಟ್ಟೆಯ ಕೊಳವೆ ತೆಗೆದರು. ಬೇಸಿಗೆಯ ಹೊತ್ತಿಗೆ ಒಂದು ಪೂರ್ತಿ ರೊಟ್ಟಿ ತಿಂದೆ. ಡಾಕ್ಟರು ನನ್ನ ಕೈ ಹಿಡಿದು ಕುಲುಕಿ, ತಾವು ಕಂಡ ಅತ್ಯಂತ ಒಳ್ಳೆಯ ಫಲ ಇದು ಎಂದರು. ನಾನೂ ಅವರಿಗೆ ಮನಸಾರೆ ಥ್ಯಾಂಕ್ಸ್ ಹೇಳಿದೆ. ಆ ಔಷಧಿ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆದರೆ ಶನಿವಾರ ಸಂಜೆ ಏಳಾದರೆ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಪ್ರಕಾಶ ಕಾರು ತೆಗೆದು ಕೆನ್ಮೋರ್ ಕಡೆ ಸರೋವರದ ದಂಡೆಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಅಲ್ಲಿ ಕೂತಾಗ, "ಹೌದ್ರಿ ಅನ್ನಬಾರದಿತ್ತು ನಾ. ಅಷ್ಟ ಸುಳ್ಳ ಹೇಳಿದವಗ ಇನ್ನೊಂದ ಹೇಳಾಕ ಏನಾಗಿತ್ತು?" ಎಂದರು. "ಬರದಾಕಿ ನಾನ ಅಲ್ರಿ" ಎಂದೆ. ಅದಕ್ಕಿಂತ ಹೆಚ್ಚು ನಾವು ಆ ವಿಷಯ ಇಂದಿಗೂ ಮಾತಾಡಿಲ್ಲ.

ಮಾರನೆಯ ವರ್ಷ ಡಾಕ್ಟರು ಪ್ರಯಾಣಕ್ಕೆ ಒಪ್ಪಿದ ಮೇಲೆ ಗದಗಿಗೆ ಹೋದೆ. ಅಣ್ಣ ಸ್ಟೇಶನ್ನಿಗೆ ಬಂದಿದ್ದ. ನನ್ನ ಬಾಯಿಂದ "ಅಣ್ಣಾ" ಎಂದು ಕೇಳಿ ಮುಖ ಆ ಕಡೆ ತಿರುಗಿಸಿಕೊಂಡ. ಮನೆಗೆ ಹೋಗುವ ದಾರಿಯಲ್ಲಿ, ಅವ್ವ ಹೋಗುವ ಹಿಂದಿನ ವಾರ ಹೇಳಿಬಿಡಬೇಕೆಂದು ಅವಳ ಹತ್ತಿರ ಹೋಗಿ ಕೂತಿದ್ದೆ ಎಂದ. "ಬಾಯಿತನಕಾ ಬಂದಿತ್ತು. ನೀ ಆಣಿ ಹಾಕಿದ್ದಿ ಅಲ್ಲಾ, ನುಂಗಿಕೊಂಡೆ."

ಸಂಜೆ ಎದುರು ಮನೆಯ ಪಾರ್ವತಿ ಅಕ್ಕೋರು ಬಂದರು. ಅವ್ವ ಹೊಲಿಗೆ ಕಲಿಸುತ್ತಿದ್ದ ಶಾಲೆಯಲ್ಲೇ ಇಪ್ಪತ್ತು ವರ್ಷ ಟೀಚರಾಗಿ ಕೆಲಸ ಮಾಡಿದವರು, ರಿಟೈರಾದ ಮೇಲೂ ದಿನಾ ಸಂಜೆ ಬಂದು ಅವ್ವನ ಜೊತೆ ಕೂರುತ್ತಿದ್ದವರು. ನನ್ನ ಆಣೆಗೆ ಕಟ್ಟುಬಿದ್ದ ಅಣ್ಣ ಅವರಿಗೂ ನನ್ನ ಕಾಯಿಲೆಯ ಸುದ್ದಿ ಹೇಳಿರಲಿಲ್ಲ. ಒಳಗೆ ಬಂದವರು ನಮಸ್ಕಾರ ಮಾಡಿದ ನನ್ನ ತಲೆಯ ಮೇಲೆ ಕೈ ಇಡಲಿಲ್ಲ. ನಿಂತೇ, "ಬಂದೇನವಾ? ಈಗ ಬಾಯಿ ಬಂತೇನ ನಿನಗ?" ಎಂದರು.

ಅತ್ತಿಗೆ ಒಳಗಿನಿಂದ ಓಡಿ ಬಂದು ಏನೋ ಹೇಳಹೋದಳು. ನಾನು ಅವಳ ಕೈ ಹಿಡಿದು ಸುಮ್ಮನಿರಿಸಿದೆ. "ಹೂಂನ್ರಿ ಅಕ್ಕೋರ, ಬಂತ್ರಿ. ಕುಂದರ್ರಿ, ಹೇಳ್ತೀನಿ" ಎಂದೆ.

ಎಲ್ಲ ಹೇಳಿದೆ. ರೊಟ್ಟಿಯಿಂದ ಹಿಡಿದು ಹಲಗೆಯ ತನಕ ಹೇಳಿದೆ. ಈಗ ಬ್ಯಾಡ ಅನ್ರಿ ಎಂದು ಬರೆದವಳು ನಾನೇ ಎಂಬುದನ್ನೂ ಬಿಡಲಿಲ್ಲ. ಒಂದು ತಾಸಿನ ಮೇಲೆ ಹಿಡಿಯಿತು. ದನಿ ಎಲ್ಲಿಯೂ ಸೋಲಲಿಲ್ಲ. ಪಾರ್ವತಿ ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದರು.

"ದಿನಾ ಸಂಜೀಕ ನಿಮ್ಮವ್ವ ನನ್ನ ಮುಂದ ಅದನ್ನ ಕೇಳತಿದ್ಳು. ನಾ ಏನ ಅಂದೆ ಪಾರವ್ವಾ, ಅಷ್ಟ ಸಿಟ್ಟ ಬರೂವಂಗ ಏನ ಅಂದೆ, ಅಂತ" ಎಂದರು. ಹೊರಗೆ ಬೀದಿ ದೀಪ ಹತ್ತಿತ್ತು. ಅವರು ಎದ್ದು ಬಾಗಿಲ ತನಕ ಹೋದವರು ಚೌಕಟ್ಟು ಹಿಡಿದು ನಿಂತರು.

"ಈಗ ಇದನ್ನ ನಾ ಯಾರಿಗೆ ಹೋಗಿ ಹೇಳ್ಲಿ?" ಎಂದರು.